ನೆಗೆಣ್ಣಿಯ ಎದುರು ಬಡಿಗೆ ಹಿಡಿದ ದಿನ

ಮೊಮ್ಮಕ್ಕಳಾದ ಶರಣು, ಗೌರಿ, ಕೇಳಿರಿ: ಅಂದು ಬಸವಕ್ಕನ ಬಡಿಗೆ ನನ್ನ ತಲೆಗೆ ತಾಗುವಷ್ಟು ಹತ್ತಿರ ಬಂದು ನಿಂತಿತು. ನಿಜಾಮರ ಆಳಿಕೆಯ ಕೊನೆಯ ದಿನಗಳವು. ಲೂಟಿ ಮಾಡುವವರು ಯಲಬುರ್ಗಾ ಕಡೆಯ ಹಳ್ಳಿಗಳಿಗೆ ನುಗ್ಗುತ್ತಿದ್ದಾರೆಂದು ಸುದ್ದಿ ಬಂದಿತ್ತು. ಅದಕ್ಕೇ ಗರಡಿಮನೆಯ ವಸ್ತಾದರು ಹೆಣ್ಣುಮಕ್ಕಳಿಗೂ ಬಡಿಗೆ ತಿರುಗಿಸಲು ಕಲಿಸುತ್ತಿದ್ದರು. ಅಂದು ನನಗೆ ಜೋಡಿಯಾಗಿ ನಿಲ್ಲಿಸಿದ್ದ ಬಸವಕ್ಕ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಹೊಲದ ಬದುವಿನ ಜಗಳದಿಂದ ನಮ್ಮ ಮಾತು ನಿಂತುಹೋಗಿತ್ತು. ಅವಳ ಮುಖ ನೋಡಲಾರದೆ ತಲೆ ತಗ್ಗಿಸಿದ್ದೆ.

“ನೆಲದಾಗ ಏನ ಹುಡುಕ್ತಿ? ನನ್ನ ಕಣ್ಣ ನೋಡ, ಇಲ್ಲಾಂದ್ರ ತಲಿ ಒಡಿತೈತಿ,” ಎಂದಳು.

ನೋಡಿದೆ. ಅವಳ ಕಣ್ಣಲ್ಲೂ ನನ್ನಷ್ಟೇ ಹೆದರಿಕೆ ಇತ್ತು. ಮುಂದಿನ ಏಟನ್ನು ತಡೆದೆ.

ಲೂಟಿಯವರು ನಮ್ಮೂರಿಗೆ ಬರಲಿಲ್ಲ. ಆದರೆ ಅಂದಿನಿಂದ ನಾಯಿ ಬೊಗಳಿದರೆ ಸಾಕು, ಬಸವಕ್ಕ ನಮ್ಮೆರಡು ಮನೆಗಳ ನಡುಗೋಡೆ ಬಡಿದು “ಅದೀಯೇನ ತಂಗಿ?” ಎನ್ನುತ್ತಿದ್ದಳು. “ಅದೀನಕ್ಕಾ” ಎನ್ನುತ್ತಿದ್ದೆ. ಈ ಹಾಳೆಗಳನ್ನು ಜೋಪಾನ ಮಾಡಿರಿ. ನಾವಿಬ್ಬರು ಮತ್ತೆ ಮಾತಾಡಿದ್ದು ಹೇಗೆಂದು ಬೇರೆ ಯಾರೂ ಬರೆದಿಟ್ಟಿಲ್ಲ.