ಅಡುಗೆಯವಳ ಮೇಲೆ ಬಿದ್ದ ವೋಟು

ಪ್ರತಿ ಶುಕ್ರವಾರ ಮಧ್ಯಾಹ್ನ, ಇಲ್ಲಿ ಗಲ್ಫಿನ ಅಲ್ ರಯ್ಯಾನಿನ ಒಂದು ವಿಲ್ಲಾದಲ್ಲಿ ಊರ ಕಡೆಯ ಕೆಲವು ಮನೆಯವರು ಸೇರಿ ಉಣ್ಣುತ್ತಿದ್ದೆವು. ಉಂಡಮೇಲೆ ಒಂದು ಕೊಲೆ. ವಿಕ್ಟೋರಿಯಾ ರಾಣಿಯ ಕಾಲದ, ಕೊಂದವರು ಯಾರೆಂದು ಇವತ್ತಿಗೂ ಗೊತ್ತಾಗದ ಕೊಲೆಯೇ ಆಗಬೇಕು. ಮನೆಯ ಯಜಮಾನರು ಪಾಡ್‌ಕಾಸ್ಟ್ ಕೇಳಿ ಕಥೆ ಹೇಳುವರು. ನಾವು ಸಂಶಯಿತರನ್ನು ತೂಗಿ ವೋಟು ಹಾಕಬೇಕು. ನನಗೆ ಈ ಆಟ ಇಷ್ಟವಿತ್ತು. ವೆಸ್ಟ್ ಬೇಯ ಆಫೀಸಿನಲ್ಲಿ ಇನ್ಶೂರೆನ್ಸ್ ಕ್ಲೇಮುಗಳ ನಿಜ ಸುಳ್ಳು ನೋಡುವುದೇ ನನ್ನ ಕೆಲಸ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು; ಅಮ್ಮ ಕಂಡವರ ಮನೆಯ ಪಾತ್ರೆ ತಿಕ್ಕಿ ಓದಿಸಿದ್ದು. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ.

ಆ ವಾರದ್ದು ವಿಷದ ಕೇಸು. ಲಂಡನ್ನಿನ ಒಬ್ಬ ಸಾಹುಕಾರ ಉಂಡು ಮಲಗಿದವನು ಏಳಲಿಲ್ಲ. ಸಂಶಯ ಮೂವರ ಮೇಲೆ: ಹೆಂಡತಿ, ಅವಳ ಗೆಳೆಯನಾದ ಡಾಕ್ಟರು, ಅಡುಗೆಯವಳು.

"ಡಾಕ್ಟರು ಹಾಗೆಲ್ಲ ಮಾಡ್ಲಿಕ್ಕಿಲ್ಲ ಮಾರಾಯ್ರೆ, ಓದಿದ ಜನ," ಎಂದರು ಒಬ್ಬರು.

"ಹೆಂಡತಿಗೆ ಎಂತ ಕಡಿಮೆ? ಬಂಗಲೆ ಉಂಟು, ಕುದುರೆಗಾಡಿ ಉಂಟು," ಎಂದರು ಇನ್ನೊಬ್ಬರು.

"ಮತ್ತೆ ಉಳಿದದ್ದು ಸೌಟು ಹಿಡಿದವಳು. ಖಲಾಸ್!" ಯಜಮಾನರು ಚಪ್ಪಾಳೆ ತಟ್ಟಿದರು.

"ವಿಷ ಇದ್ದದ್ದು ಡಾಕ್ಟರ ಕಪಾಟಲ್ಲಿ," ಎಂದೆ ನಾನು. "ಆಸ್ತಿ ಬರುದು ಹೆಂಡತಿಗೆ. ಅಡುಗೆಯವಳಿಗೆ ಎಂತ ಲಾಭ? ಧಣಿ ಸತ್ತರೆ ಅವಳ ಸಂಬಳವೇ ನಿಂತಿತಲ್ಲ."

"ಕೆಲಸದವರಿಗೆ ಲಾಭ ಬೇಡ, ಹೊಟ್ಟೆಕಿಚ್ಚೇ ಸಾಕು," ಎಂದರು ಯಜಮಾನರ ಹೆಂಡತಿ.

ನನ್ನದೊಂದು ಬಿಟ್ಟು ವೋಟೆಲ್ಲ ಅಡುಗೆಯವಳ ಮೇಲೆಯೇ ಬಿತ್ತು.

ಇಷ್ಟೂ ಹೊತ್ತು, ಆ ಮನೆಗೆ ಅಡುಗೆಗೆ ಬರುವ ಕುಂದಾಪುರ ಕಡೆಯ ಹೆಂಗಸು ನಮ್ಮ ನಡುವೆಯೇ ಬಗ್ಗಿ ಎಂಜಲು ತಟ್ಟೆ ತೆಗೆಯುತ್ತಿದ್ದಳು. ಒಂದೊಂದು ಮಾತೂ ಅವಳಿಗೆ ಅರ್ಥವಾಗುವಂಥದ್ದೇ. ಅವಳು ಮಾಡಿದ ಕೋಳಿ ಗಸಿಯ ಜಿಡ್ಡು ಇವರ ಬೆರಳಲ್ಲಿ ಇನ್ನೂ ಆರಿರಲಿಲ್ಲ.

ಕೆಲಸ ಮುಗಿಸಿ ಅವಳು ಚೀಲ ಹೆಗಲಿಗೇರಿಸಿದಾಗ ಯಜಮಾನರ ಹೆಂಡತಿ, "ನಿಲ್ಲು ಮಾರಾಯ್ತಿ, ಪೊಲೀಸರು ಚೆಕ್ ಮಾಡ್ಬೇಕು," ಎಂದರು. ತಮಾಷೆಗೇ. ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಚೀಲ ಬಿಚ್ಚಿ ಹಿಡಿದಳು. ಒಂದು ಟವೆಲ್, ಫೋನಿನ ಚಾರ್ಜರ್, ಅವರೇ ಕೊಟ್ಟ ಮಿಕ್ಕ ಅನ್ನದ ಡಬ್ಬ. ಒಬ್ಬರು ಕತ್ತು ಚಾಚಿ ನೋಡಿಯೇಬಿಟ್ಟರು.

"ಅವಳ ಕೈಯಡುಗೆ ಉಂಡು ಅವಳ ಚೀಲ ನೋಡ್ತೀರಲ್ಲ, ಥೂ! ನಾಚಿಕೆ ಆಗುದಿಲ್ವಾ?" ಎಂದು ಎದ್ದೆ. ಅವಳನ್ನು ಕಾರಿಗೆ ಹತ್ತಿಸಿಕೊಂಡು ಮುಐದರ್‌ನ ಅವಳ ಬಾಡಿಗೆ ಕೋಣೆಯ ಕಡೆ ಹೊರಟೆ.

ಅರ್ಧ ದಾರಿಗೆ ಬಂದಾಗ ಅವಳು ಕೇಳಿದಳು: "ನೀವೆಂತಕ್ಕೆ ಎದ್ದು ಬಂದ್ರಿ ಅಕ್ಕ? ಚೀಲ ತೋರಿಸಿದ್ರೆ ನಾನೇನು ಸವೆದು ಹೋಗ್ತೇನಾ? ನಾಳೆ ಬರ್ಬೇಡ ಅಂದ್ರೆ ನೀವು ಕೆಲಸ ಕೊಡ್ತೀರಾ?"

"ನಾನು ಮಾತಾಡಿದ್ದು ನಿಂಗೋಸ್ಕರ."

"ಹೌದಲ್ಲ? ಹಾಗಾದ್ರೆ ನಂಗೋಸ್ಕರ ಈಗ ಒಂದು ಮೆಸೇಜ್ ಹಾಕಿ."

ಕಾರು ಬದಿಗೆ ನಿಲ್ಲಿಸಿ ಯಜಮಾನರ ಹೆಂಡತಿಗೆ ಟೈಪು ಮಾಡಿದೆ: ಸಾರಿ, ತಲೆನೋವಿತ್ತು, ಏನೇನೋ ಅಂದೆ. ಅವಳದ್ದೇನೂ ತಪ್ಪಿಲ್ಲ.

ಅವಳು ಬಗ್ಗಿ ಓದಿದಳು. "ತಪ್ಪಿಲ್ಲ ಅಂತ ಬೇಡ ಅಕ್ಕ. ಆಗ ತಪ್ಪು ಉಂಟಾ ಅಂತ ಹುಡುಕ್ಲಿಕ್ಕೆ ಶುರು ಮಾಡ್ತಾರೆ."

ಆ ಸಾಲು ಅಳಿಸಿ, ತಲೆನೋವಿನದ್ದನ್ನಷ್ಟೇ ಕಳಿಸಿದೆ. ನಾಲಿಗೆಯ ಮೇಲೆ ಹುಳ ಹರಿದಂತಾಯಿತು. ತಕ್ಷಣ ನಗುವ ಮುಖವೊಂದು ಬಂತು: ಪರ್ವಾಗಿಲ್ಲ, ಮುಂದಿನ ವಾರ ಇನ್ನೂ ಒಳ್ಳೇ ಕೇಸು ಉಂಟು, ಬನ್ನಿ.

ಅವಳಿಗೆ ತೋರಿಸಿದೆ.

"ಹೋಗಿ ಅಕ್ಕ," ಎಂದಳು. "ನೀವು ಬರ್ಲಿಲ್ಲಾಂದ್ರೆ, ಕಾರಲ್ಲಿ ಎಂತ ಹೇಳಿದೆ ಅಂತ ನನ್ನನ್ನು ಕೇಳ್ತಾರೆ."