ಪೈಪಿನೊಳಗಿನ ಜಗಳ

ಶಹಾಬಾದಿನ ನಮ್ಮ ಓಣಿಗೆ ನೀರು ಬಿಡುವ ಸಾಯಬಣ್ಣ ಕಾಕಾನಿಗೆ ನೆಮ್ಮದಿ ಎಂಬುದೇ ಇಲ್ಲ. ವಾಲ್ವ್ ತಿರುಗಿಸಿದವನೇ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಪೈಪಿಗೆ ಬಲಗಿವಿ ಹಚ್ಚುತ್ತಾನೆ. ‘ಸುಮ್ಮ ನಿಂದರ್ರಿ, ಒಳಗ ನೀರು ಜಗಳಾಡ್ಲಿಕತ್ತದ’ ಎಂದು ಕೊಡ ಹಿಡಿದ ಹೆಂಗಸರನ್ನು ಗದರುತ್ತಾನೆ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಪೈಪಿನೊಳಗೆ ಸುಣ್ಣ ಕಟ್ಟಿ ಮೈ ಒರಟಾದರೆ, ಅದಕ್ಕೆ ತಾಕಿದ ನೀರು ಸುಳಿಸುಳಿಯಾಗಿ ತಿರುಗಿ ಜೋರು ಕಳೆದುಕೊಳ್ಳುತ್ತದೆ, ಕಡೇ ಮನೆಯ ನಳ ಬರೇ ಉಸಿರು ಬಿಡುತ್ತದೆ. ಈ ಹೆದರಿಕೆಗೆ ಅವನು ಮದುವೆಗೆ ಹೋದರೂ ಪಂಕ್ತಿ ಬಿಟ್ಟೆದ್ದು ಹಂದರದ ಹಿಂದಿನ ನಳಕ್ಕೆ ಕಿವಿಗೊಡುತ್ತಾನೆ. ಹೋಟೆಲಿನಲ್ಲಿ ಚಹಾ ಹಾಕುವ ಮೊದಲೇ ಕಪ್ಪಿನ ಒಳಮೈ ಬೆರಳಿನಿಂದ ಸವರಿ ನೋಡುತ್ತಾನೆ. ಈಚೆಗೆ ಮಾತ್ರ ಪೈಪಿನಿಂದ ಎದ್ದು, ಬೆವರು ಒರೆಸುತ್ತ, ‘ಒಳಗ ಭಾಳ ನುಣ್ಣಗದ, ಏನೂ ಸಪ್ಪಳಿಲ್ಲ’ ಅನ್ನತೊಡಗಿದ್ದಾನೆ. ಇವತ್ತೂ ಹಾಗೇ ಅಂದ. ಕಡೇ ಮನೆಯ ಮಾಳಮ್ಮ ಖಾಲಿ ಕೊಡ ಹಿಡಿದು ಬಂದು, ಅವನ ಬಲಕ್ಕೆ ನಿಂತು, ‘ಕಾಕಾ, ನಮ್ಮ ನಳಕ್ಕ ನೀರೇ ಬರವಲ್ದು’ ಎಂದು ಕೂಗಿದಳು. ಅವನು ಪೈಪನ್ನೇ ನೋಡುತ್ತಿದ್ದ. ಆಕೆ ಎಡಕ್ಕೆ ಬಂದು ಮತ್ತೆ ಕೂಗಿದಾಗ ಬೆಚ್ಚಿ ತಿರುಗಿ, ಆಕೆಯ ಮುಖ ನೋಡಿ, ಬಲಗಿವಿ ಮುಟ್ಟಿಕೊಂಡು, ‘ಯಾರ್ಗೂ ಹೇಳಬ್ಯಾಡವಾ’ ಅಂದ.