ಬಸೂನ ಪಾಲಿನ ಬಂಗಡೆ

ಗೆಳೆಯರೇ, ರೀಲ್ಸ್ ಮಾಡುವ ಮುನ್ನ ಕೈಯಲ್ಲಿ ಏನು ಹಿಡಿದಿದ್ದೀರಿ ನೋಡಿಕೊಳ್ಳಿ.

ಧಾರವಾಡದ ಹಾಸ್ಟೆಲಿನ ನನ್ನ ರೂಮ್‌ಮೇಟ್ ಬಸು ಇವತ್ತು ನಮ್ಮೂರು ಕಾಸರಕೋಡಕ್ಕೆ ಬಂದಿದ್ದ. ಕಡಲ ದಂಡೆಯಲ್ಲಿ ಎಲ್ಲರೂ ಮೀನಿನ ಬಲೆ ಎಳೆಯುತ್ತಿದ್ದರು. ಇವನೂ ಹಗ್ಗ ಹಿಡಿದು ಪೋಸ್ ಕೊಟ್ಟ. ವಿಡಿಯೊ ಮುಗಿದದ್ದೇ ಕೈಬಿಟ್ಟ.

ನನ್ನ ಮಾವ ಗದರಿದರು: "ಹಿಡದ್ ಹಗ್ಗ ನಡುವೆ ಬಿಡೂಕಿಲ್ಲ ತಮ್ಮಾ. ಬಲೆ ದಡಕ್ಕೆ ಬರೂತನಕ ಎಳಿ!"

ಒಂದು ಗಂಟೆ ಎಳೆದ. ಅಂಗೈ ಕೆಂಪಾಯಿತು. ಕೊನೆಗೆ ಮಾವ ಅವನ ಮುಂದೆ ಬಂಗಡೆ ಸುರಿದರು. ಹಗ್ಗ ಎಳೆದವರಿಗೆಲ್ಲ ಪಾಲು ಕೊಡುವುದು ಇಲ್ಲಿನ ಪದ್ಧತಿ.

"ನಾ ಮೀನಾ ತಿನ್ನಂಗಿಲ್ರಿ ಕಾಕಾ!"

"ತಿನ್ನೂದು ಬಿಡೂದು ನಿನ್ನಿಷ್ಟ. ಪಾಲು ಬೇಡ ಅಂದ್ರೆ ನಮ್ಗೆ ಅವಮಾನ."

ಇಬ್ಬರ ಮುಖವೂ ಬಿಗಿಯಾಯಿತು. ಮೀನು ಮಾರಲು ಹೊರಟಿದ್ದ ನನ್ನ ಅಮ್ಮ, ನಮ್ಮ ಮಾತಲ್ಲಿ ಆಯಿ, ಬುಟ್ಟಿ ಇಳಿಸಿ, "ತಿನ್ನದಿದ್ರೆ ಎಂತಾತು? ನನ್ ಸಂಗ್ತಿ ಬಂದು ಮಾರು" ಎಂದಳು.

ಮೂಗು ಮುಚ್ಚಿಕೊಂಡು ಹೋದವ ಎರಡನೇ ಓಣಿಯಲ್ಲಿ ಎರಡೂ ಕೈಯಿಂದ ಬಂಗಡೆ ಆರಿಸಿಕೊಡುತ್ತಿದ್ದ.

ಈಗ ಧಾರವಾಡದ ಬಸ್ಸಿನಲ್ಲಿದ್ದೇವೆ. ಎರಡು ವರ್ಷದಿಂದ ಬೆಳಗಿನ ಎಂಟರ ಕ್ಲಾಸಿಗೆ ಏಳದ ಆಸಾಮಿ, ಮುಂದಿನ ಭಾನುವಾರ ಬಲೆಗೆ ನಸುಕಿನ ಐದಕ್ಕೇ ಬರಬೇಕಾ ಎಂದು ಕೇಳುತ್ತಿದ್ದಾನೆ.